ಅಂಬಾಸಿಡರ್‌ನ ದಾಯಾದಿ

(ಮಡಿಕೇರಿಯಲ್ಲಿ ಹಳೇ ವಾಹನ ಇಟ್ಟುಕೊಂಡವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಜೀಪುಗಳ ಸಾಲಿನ ಕೊನೆಯಲ್ಲಿ ತಗ್ಗಾಗಿ ಕೂತಿರುವ ಕೆಂಪು ಗಾಡಿ ನನ್ನದು. ಅದರ ಮೂಗಿನ ಮೇಲಿನ ಎಂಜಿ ಗುರುತು ನೋಡಿ ಬೆಳಿಗ್ಗೆಯಿಂದ ತುಂಬಾ ಜನ ಕೇಳುತ್ತಿದ್ದಾರೆ, "ಹೆಕ್ಟರ್ ಕಾರು ಮಾಡುವವರದ್ದಾ ಇದು?" ಅಂತ. ಹೆಸರು ಅದೇ, ಮನೆ ಬೇರೆ. ಹೆಕ್ಟರ್ ನಮ್ಮಲ್ಲಿಗೆ ಬಂದದ್ದು 2019ರಲ್ಲಿ. ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತದೆ. ಎಂಜಿ ಅನ್ನುವ ಹೆಸರು ಈಗ ಚೀನಾದ ಸೈಕ್ ಕಂಪನಿಯ ಕೈಯಲ್ಲಿದೆ. ನನ್ನದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯ ಗಾಡಿ. ಆ ಕಾರ್ಖಾನೆ 1980ರಲ್ಲೇ ಬಾಗಿಲು ಹಾಕಿತು.

ಸಂಘಟಕರು ನನಗೆ ಕೊಟ್ಟ ವಿಷಯ "ಹಳೇ ಸ್ಪೋರ್ಟ್ಸ್ ಕಾರಿನ ಹುಚ್ಚು". ಹುಚ್ಚಿನ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಅದಿಲ್ಲದವರು ಯಾರೂ ಭಾನುವಾರ ಬೆಳಿಗ್ಗೆ ಕಡುಬು, ಪಂದಿಕರಿ ಬಿಟ್ಟು ಇಲ್ಲಿ ಬಂದು ಕೂರುವುದಿಲ್ಲ. ನನ್ನ ಪ್ರಶ್ನೆ ಬೇರೆ. ಅರವತ್ತು ವರ್ಷ ದಾಟಿದ ಗಾಡಿ. ಕಾರ್ಖಾನೆ ಮುಚ್ಚಿದೆ. ಶೋರೂಮ್ ಇಲ್ಲ, ಸರ್ವಿಸ್ ಸೆಂಟರ್ ಇಲ್ಲ. ಆದರೂ ಕೊಡಗಿನ ಮಳೆ ತಡೆದುಕೊಂಡು ಇನ್ನೂ ಓಡುತ್ತಿದೆ. ಹಾಗಾದರೆ ಅದನ್ನು ಓಡುವ ಹಾಗೆ ಇಟ್ಟವರು ಯಾರು? ಆರ್‌ಸಿಯಲ್ಲಿ ನನ್ನ ಹೆಸರಿದೆ, ಅಷ್ಟೇ.

ಮೊದಲು ಗಾಡಿಯ ಪರಿಚಯ ಮಾಡಿಕೊಡುತ್ತೇನೆ. ಇದು ಎಂಜಿಎ. 1955ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ಮೊದಲ ಸಲ ಜನರ ಮುಂದೆ ಬಂತು. 1962ರ ತನಕ ಒಟ್ಟು 1,01,081 ಗಾಡಿ ತಯಾರಾದವು. ಅದರಲ್ಲಿ ಬ್ರಿಟನ್ನಿನಲ್ಲೇ ಮಾರಾಟವಾದದ್ದು 6,000ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಹೊರದೇಶಕ್ಕೆ, ಹೆಚ್ಚಿನ ಪಾಲು ಅಮೆರಿಕಕ್ಕೆ. ನಮ್ಮ ಕಡೆ ಬಂದವು ಬಹಳ ಕಡಿಮೆ. ನಮ್ಮದು ಒಬ್ಬ ಇಂಗ್ಲಿಷ್ ಪ್ಲಾಂಟರ್ ಬಿಟ್ಟುಹೋದದ್ದು. ಆಮೇಲೆ ಎರಡು ಮನೆ ಸುತ್ತಿ ನಮ್ಮ ಶೆಡ್ಡಿಗೆ ಬಂತು. ಬಂದಾಗ ಅದರ ಮೇಲೆ ಕಾಫಿ ಮೂಟೆ ಹೊದಿಸಿದ್ದರು, ಒಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಇಂಥ ಕಥೆ ಇಲ್ಲಿರುವ ಎಲ್ಲ ಗಾಡಿಗೂ ಇದೆ, ಮುಂದೆ ಹೋಗೋಣ.

ಈ ಗಾಡಿಯಲ್ಲಿ ಏನೇನು ಇಲ್ಲ ಅಂತ ಹೇಳಿದರೆ ನಿಮಗೆ ನಗು ಬರುತ್ತದೆ. ಬಾಗಿಲಿಗೆ ಹೊರಗಡೆ ಹಿಡಿ ಇಲ್ಲ. ಒಳಗೆ ಕೈ ಹಾಕಿ ಒಂದು ದಾರ ಎಳೆಯಬೇಕು. ಕಿಟಕಿಗೆ ಏರಿಸಿ ಇಳಿಸುವ ಗಾಜಿಲ್ಲ. ಮಳೆ ಬಂದರೆ ಸೈಡ್ ಸ್ಕ್ರೀನ್ ಅಂತ ಎರಡು ಪರದೆ ತಂದು ಸಿಕ್ಕಿಸಬೇಕು. ಅಷ್ಟರಲ್ಲಿ ನಾವು ನೆನೆದಾಗಿರುತ್ತದೆ. ಕಾಲಿನ ಕೆಳಗಿನ ನೆಲ ಪ್ಲೈವುಡ್. ಹೀಟರ್ ಬೇಕಿದ್ದರೆ ಆ ಕಾಲದಲ್ಲಿ ಬೇರೆ ದುಡ್ಡು ಕೊಡಬೇಕಿತ್ತು. ಬ್ಯಾಟರಿ ಒಂದಲ್ಲ, 6 ವೋಲ್ಟಿನದು ಎರಡು, ಸೀಟಿನ ಹಿಂದೆ ಬಚ್ಚಿಟ್ಟಿದ್ದಾರೆ. ಅದೂ ಪಾಸಿಟಿವ್ ಅರ್ತ್, ಅಂದರೆ ಈಗಿನ ಕಾರುಗಳಿಗೆ ಉಲ್ಟಾ, ಬ್ಯಾಟರಿಯ ಪ್ಲಸ್ ತಂತಿಯನ್ನು ಗಾಡಿಯ ಕಬ್ಬಿಣಕ್ಕೆ ಜೋಡಿಸಿದ್ದಾರೆ. ಗೊತ್ತಿಲ್ಲದ ಹುಡುಗ ಜಂಪ್ ಸ್ಟಾರ್ಟ್ ಮಾಡಲು ಬಂದರೆ ನಾನು ಓಡಿ ಹೋಗಿ ಕೈ ಹಿಡಿಯುತ್ತೇನೆ.

ಇಷ್ಟೆಲ್ಲ ಇದ್ದೂ ಈ ಗಾಡಿಗೆ ಪ್ರಪಂಚದಲ್ಲಿ ಅಷ್ಟು ಮರ್ಯಾದೆ ಯಾಕೆ? ಒಂದು ಕಾರಣ ಅದರ ಆಕಾರ. 1951ರಲ್ಲಿ ಫ್ರಾನ್ಸಿನ ಲೆ ಮಾನ್‌ನಲ್ಲಿ ನಡೆಯುವ 24 ಗಂಟೆಯ ರೇಸಿಗೆ ಅಂತ ಒಂದು ಹಳೇ ಎಂಜಿ ಟಿಡಿ ಮೇಲೆ ಹೊಸ ಬಾಡಿ ಕೂರಿಸಿದ್ದರು. ಆ ಕೆಲಸ ಮಾಡಿದವರು ಸಿಡ್ ಎನೆವರ್ ಅನ್ನುವ ಎಂಜಿನಿಯರ್. ಆ ಗಾಡಿಯೇ ಬೆಳೆದು ಎಂಜಿಎ ಆಯಿತು. 1955ರ ಜೂನಿನಲ್ಲಿ, ಇನ್ನೂ ಅಂಗಡಿಗೆ ಬರುವ ಮೊದಲೇ, ಮೂರು ಎಂಜಿಎಗಳನ್ನು ಲೆ ಮಾನ್‌ಗೆ ಕಳಿಸಿದರು. 80ಕ್ಕೂ ಹೆಚ್ಚು ಜನ ಸತ್ತ ಆ ಭೀಕರ ರೇಸ್ ಅದು. ಮೂರರಲ್ಲಿ ಒಂದು ಗಾಡಿಗೆ ಅಪಘಾತವಾಯಿತು, ಓಡಿಸುತ್ತಿದ್ದ ಡಿಕ್ ಜೇಕಬ್ಸ್ ಅವರಿಗೆ ಜೋರು ಪೆಟ್ಟಾಯಿತು. ಉಳಿದ ಎರಡು ಇಡೀ 24 ಗಂಟೆ ಓಡಿ 12ನೇ ಮತ್ತು 17ನೇ ಸ್ಥಾನಕ್ಕೆ ಬಂದವು. 12ನೇ ಸ್ಥಾನಕ್ಕೆ ಬಂದ ಗಾಡಿಯನ್ನು ಓಡಿಸಿದ ಇಬ್ಬರಲ್ಲಿ ಒಬ್ಬರು ಕೆನ್ ಮೈಲ್ಸ್. ಮುಂದೆ ಫೋರ್ಡ್ ಕಂಪನಿಗೆ ಫೆರಾರಿಯನ್ನು ಸೋಲಿಸುವ ಕಾರು ಕಟ್ಟಿಕೊಟ್ಟವರಲ್ಲಿ ಇವರೂ ಒಬ್ಬರು. ಹಿಂದಿನ ಸಾಲಿನ ಹುಡುಗರ ಮುಖ ಈಗ ಅರಳಿತು, ನೋಡಿದೆ.

ಇನ್ನೊಂದು ಕಾರಣ ನಮ್ಮ ಊರಿನ ರಸ್ತೆಯಲ್ಲೇ ಇದೆ. ಈಗಿನ ಯಾವುದಾದರೂ ಜೋರಿನ ಕಾರು ತಗೊಳ್ಳಿ, ನೂರೈವತ್ತು ಹಾರ್ಸ್‌ಪವರ್ ಇರುತ್ತದೆ. ಮೂರ್ನಾಡಿನಿಂದ ವಿರಾಜಪೇಟೆಗೆ ಹೋಗುವಾಗ ಅದನ್ನೆಲ್ಲ ಎಲ್ಲಿ ಖರ್ಚು ಮಾಡುತ್ತೀರಿ? ಒಂದು ತಿರುವು ಮುಗಿಯುವ ಮೊದಲು ಇನ್ನೊಂದು ತಿರುವು. ಎದುರಿಗೆ ಬಸ್ಸು. ಆ ಕಾರಿಗೆ ಬೇಜಾರು, ಓಡಿಸುವವನಿಗೂ ಬೇಜಾರು. ಎಂಜಿಎಗೆ ಇರುವುದು ಎಪ್ಪತ್ತರ ಆಸುಪಾಸು ಹಾರ್ಸ್‌ಪವರ್. ಆದರೆ ಕೂರುವುದು ನೆಲಕ್ಕೆ ಒಂದು ಗೇಣು ಮೇಲೆ. ಸ್ಟಿಯರಿಂಗ್ ತಿರುಗಿಸಿದಷ್ಟೇ ತಿರುಗುತ್ತದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿ ಹೋದರೂ ಮೈಯೆಲ್ಲ ಎಚ್ಚರ. ಮಾರ್ಚಿನಲ್ಲಿ ಹೂ ಮಳೆ ಬಿದ್ದು ಕಾಫಿ ಅರಳಿದ ವಾರ, ಟಾಪ್ ತೆಗೆದು ಅಮ್ಮತ್ತಿ ಕಡೆಗೆ ಒಂದು ಸುತ್ತು ಹೋಗಿ ಬಂದರೆ ಆ ವರ್ಷದ ಖರ್ಚು ಮರೆತುಹೋಗುತ್ತದೆ. ಪೂರ್ತಿ ಅಲ್ಲ, ಸ್ವಲ್ಪ.

ಘಟ್ಟ ಮಾತ್ರ ಬೇರೆ ಲೆಕ್ಕ. ನನ್ನದು 1500 ಮಾಡೆಲ್. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಮುಂದಿನ ಚಕ್ರಕ್ಕೆ ಡಿಸ್ಕ್ ಬಂದದ್ದು 1959ರ 1600 ಮಾಡೆಲಿನಿಂದ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ತುಳಿಯುತ್ತಾ ಹೋದರೆ ಡ್ರಮ್ ಕಾದು, ಪೆಡಲ್ ಒತ್ತಿದರೂ ಗಾಡಿ ನಿಲ್ಲದ ಸ್ಥಿತಿ ಬರುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಯಬೇಕು. ಹತ್ತುವಾಗ ಇನ್ನೊಂದು ಕಷ್ಟ. ಮೊದಲನೇ ಗೇರಿಗೆ ಸಿಂಕ್ರೊ ಇಲ್ಲ, ಅಂದರೆ ಗೇರಿನ ಹಲ್ಲುಗಳ ವೇಗವನ್ನು ತಾನಾಗಿ ಹೊಂದಿಸುವ ಭಾಗ ಇಲ್ಲ. ಹೇರ್‌ಪಿನ್ ತಿರುವಿನಲ್ಲಿ ಮುಂದಿನ ಲಾರಿ ನಿಧಾನ ಮಾಡಿದರೆ, ಓಡುತ್ತಿರುವಾಗಲೇ ಒಂದಕ್ಕೆ ಹಾಕಲು ಡಬಲ್ ಕ್ಲಚ್ ಮಾಡಬೇಕು. ಇದನ್ನು ನನಗೆ ಹೇಳಿಕೊಟ್ಟವರು ಯಾವ ಕಾರ್ ಕ್ಲಬ್ಬಿನವರೂ ಅಲ್ಲ. ಮರದ ಲಾರಿ ಓಡಿಸುತ್ತಿದ್ದ ಒಬ್ಬ ಡ್ರೈವರ್ ಅಣ್ಣ. ಅವರ ಕಾಲದ ಲಾರಿಗಳೆಲ್ಲ ಹಾಗೇ ಇದ್ದವು. ಪಕ್ಕದಲ್ಲಿ ಕೂತು, "ಕ್ಲಚ್ ಒತ್ತಿ, ನ್ಯೂಟ್ರಲ್, ಕ್ಲಚ್ ಬಿಡಿ, ಒಂಚೂರು ರೇಸ್ ಕೊಡಿ, ಮತ್ತೆ ಕ್ಲಚ್, ಈಗ ಹಾಕಿ" ಅಂತ ಹಾಡಿನ ಹಾಗೆ ಹೇಳುತ್ತಿದ್ದರು. ಈಗಲೂ ಆ ತಿರುವಿನಲ್ಲಿ ನನ್ನ ಬಾಯಿ ಅದನ್ನೇ ಹೇಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಂಜಿನ್.

ಗಾಡಿ ತಂದ ಹೊಸದರಲ್ಲಿ ದೊಡ್ಡ ಊರಿನ ಒಂದು ಗ್ಯಾರೇಜಿನವರು ನೋಡಿ, "ಇಂಪೋರ್ಟೆಡ್ ಸರ್, ಪಾರ್ಟ್ಸ್ ಎಲ್ಲ ಲಂಡನ್ನಿಂದ ಬರಬೇಕು" ಅಂದರು. ಅವರು ಹೇಳಿದ ಮೊತ್ತ ಕೇಳಿ ಗಾಡಿಯನ್ನು ಹಾಗೇ ಲಾರಿ ಹತ್ತಿಸಿ ವಾಪಸ್ ತಂದೆ. ಆಮೇಲೆ ಯಾರೋ ಹೇಳಿದರು ಅಂತ ಸಿದ್ದಾಪುರದ ಒಬ್ಬ ಮೆಕ್ಯಾನಿಕ್ ಕಾಕಾ ಹತ್ತಿರ ಹೋದೆ. ಎಸ್ಟೇಟ್ ಮ್ಯಾನೇಜರುಗಳ ಅಂಬಾಸಿಡರ್ ರಿಪೇರಿ ಮಾಡಿಯೇ ತಲೆ ಬೆಳ್ಳಗಾದವರು. ಬಾನೆಟ್ ಎತ್ತಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಕ್ಕು, "ಇದು ನಮ್ಮ ಅಂಬಾಸಿಡರ್ ಅಲ್ವಾ ಮೋನೆ, ಕೋಟು ಹಾಕಿಕೊಂಡು ಬಂದಿದೆ" ಅಂದರು. ಮೋನೆ ಅಂದರೆ ಮಲಯಾಳದಲ್ಲಿ ಮಗನೇ ಅಂತ.

ಕಾಕಾ ಹೇಳಿದ್ದು ಅಕ್ಷರಶಃ ನಿಜ. 1952ರಲ್ಲಿ ಆಸ್ಟಿನ್ ಕಂಪನಿ ಮತ್ತು ಮಾರಿಸ್‌ನ ಗುಂಪು ಸೇರಿ ಬಿಎಂಸಿ ಅಂತ ಒಂದೇ ಕಂಪನಿ ಆಯಿತು. ಮಾರಿಸ್ ಗುಂಪಿನಲ್ಲಿ ಎಂಜಿಯೂ ಇತ್ತು. ಬಿಎಂಸಿ ತನ್ನ ಮಧ್ಯಮ ಗಾತ್ರದ ಗಾಡಿಗಳಿಗೆಲ್ಲ ಬಿ-ಸೀರೀಸ್ ಅನ್ನುವ ಒಂದೇ ಎಂಜಿನ್ ಹಾಕತೊಡಗಿತು. ಎಂಜಿಎ 1500ಗೆ ಹಾಕಿದ್ದು 1489 ಸಿಸಿಯ ಬಿ-ಸೀರೀಸ್. ಮಾರಿಸ್ ಆಕ್ಸ್‌ಫರ್ಡ್ ಕಾರು ಕಲ್ಕತ್ತಾದ ಹತ್ತಿರ ಉತ್ತರಪಾರಾಕ್ಕೆ ಬಂದು ಅಂಬಾಸಿಡರ್ ಆಯಿತಲ್ಲ, ಅದಕ್ಕೂ ಸ್ವಲ್ಪ ದಿನದಲ್ಲೇ ಇದೇ 1489 ಸಿಸಿ ಎಂಜಿನ್ ಬಂತು. ಸಿಲಿಂಡರಿನ ಅಗಲ 73 ಮಿಲಿಮೀಟರ್, ಪಿಸ್ಟನ್ ಓಡುವ ದೂರ 88.9 ಮಿಲಿಮೀಟರ್, ಎರಡರಲ್ಲೂ ಒಂದೇ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಎಸ್‌ಯು ಕಾರ್ಬುರೇಟರ್ ಎಂಜಿಎಗೆ ಎರಡು, ಅಂಬಾಸಿಡರ್‌ಗೆ ಒಂದು. ವಾಲ್ವ್ ತೆರೆಯುವ ಕ್ಯಾಮ್ ಬೇರೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಲ್ಲಿ ವ್ಯತ್ಯಾಸ ಇದೆ. ಆದರೆ ಮನೆತನ ಒಂದೇ.

ಈ ಎಂಜಿನ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1957ರ ಆಗಸ್ಟಿನಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಇಂಗ್ಲೆಂಡಿನ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಇಎಕ್ಸ್ 181 ಅನ್ನುವ ಎಂಜಿ ದಾಖಲೆ ಕಾರನ್ನು ಓಡಿಸಿದರು. ಗಂಟೆಗೆ 245 ಮೈಲಿ, ಅಂದರೆ ಸುಮಾರು 395 ಕಿಲೋಮೀಟರ್. ಅದರ ಎಂಜಿನ್ ಇದೇ ಬಿ-ಸೀರೀಸ್ ಬುಡದ ಮೇಲೆ ಕಟ್ಟಿದ್ದು. 1489 ಸಿಸಿ, ಮೇಲೆ ಎರಡು ಕ್ಯಾಮಿನ ಹೆಡ್ಡು, ಪಕ್ಕದಲ್ಲಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್. ಕುಶಾಲನಗರದಿಂದ ಏಳು ಜನರನ್ನು ತುಂಬಿಕೊಂಡು ಏದುಸಿರು ಬಿಡುತ್ತಾ ಹತ್ತುತ್ತಿದ್ದ ಟ್ಯಾಕ್ಸಿ ಅಂಬಾಸಿಡರ್ ನೆನಪಿದೆಯಲ್ವಾ? ಅದರ ದಾಯಾದಿ ಈ ಕೆಲಸ ಮಾಡಿತ್ತು.

ಈ ನೆಂಟಸ್ತನದಿಂದ ನನಗಾದ ಉಪಕಾರ ದೊಡ್ಡದು. ಎಂಜಿನ್ ಒಳಗಿನ ಎಷ್ಟೋ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ಮೈಸೂರಿನ ಹಳೇ ಅಂಗಡಿಗಳಲ್ಲಿ ಸಿಕ್ಕಿತು. ಅಂಗಡಿಯಲ್ಲಿ ಎಂಜಿ ಅನ್ನುವ ಹೆಸರೇ ಎತ್ತಬಾರದು. ಎತ್ತಿದರೆ ರೇಟು ಏರುತ್ತದೆ. "ಅಂಬಾಸಿಡರ್ ಪೆಟ್ರೋಲ್, ಹಳೇ ಮಾರ್ಕ್" ಅನ್ನಬೇಕು, ಸುಮ್ನೆ ಅಳತೆ ಹಿಡಿದು ನೋಡಬೇಕು. ಅಳತೆ ಮುಖ್ಯ. ಹಿಂದುಸ್ತಾನ್ ಮೋಟಾರ್ಸ್‌ನವರು ವರ್ಷ ಕಳೆದ ಹಾಗೆ ಅಲ್ಲಲ್ಲಿ ಬದಲಾವಣೆ ಮಾಡುತ್ತಾ ಬಂದರು, 90ರ ದಶಕದಲ್ಲಿ ಇಸುಜು ಎಂಜಿನ್ನೂ ಬಂತು. ಹಾಗಾಗಿ ಅಂಬಾಸಿಡರ್ ಅಂದ ತಕ್ಷಣ ಎಲ್ಲವೂ ಕೂರುವುದಿಲ್ಲ. 2014ರಲ್ಲಿ ಉತ್ತರಪಾರಾ ಕಾರ್ಖಾನೆ ನಿಂತ ಮೇಲೆ ಈ ಅಂಗಡಿಗಳ ಸ್ಟಾಕೂ ಕರಗುತ್ತಿದೆ. ಆದ್ದರಿಂದ ನಮ್ಮ ಗುಂಪಿನಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಯಾರು ಯಾವ ಊರಿಗೆ ಹೋದರೂ ಅಲ್ಲಿನ ಹಳೇ ಅಂಗಡಿ ಹೊಕ್ಕು ಬರಬೇಕು. ತನಗೆ ಬೇಡದ ಸಾಮಾನಾದರೂ ಇನ್ನೊಬ್ಬನಿಗೆ ಬೇಕಾಗುತ್ತದೆ. ಫೋಟೋ ತೆಗೆದು ವಾಟ್ಸಾಪಿಗೆ ಹಾಕು, ಬೇಕಾದವನು ದುಡ್ಡು ಕಳಿಸುತ್ತಾನೆ.

ಕಾಕಾ ಎರಡು ಕಾರ್ಬುರೇಟರ್ ಹೊಂದಿಸುವುದನ್ನು ನೀವು ಒಮ್ಮೆ ನೋಡಬೇಕು. ಎರಡೂ ಒಂದೇ ಸಮ ಗಾಳಿ ಎಳೆಯಬೇಕು, ಇಲ್ಲದಿದ್ದರೆ ಎಂಜಿನ್ ಕುಂಟುತ್ತದೆ. ಅದಕ್ಕೆ ಮೀಟರ್ ಇದೆ. ಕಾಕಾ ಹತ್ತಿರ ಇರುವುದು ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿನ ಪೈಪಿನ ಒಂದು ತುಂಡು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಗೆ. ಈ ಕಡೆಯ ಸದ್ದು ಕೇಳು, ಆ ಕಡೆಯ ಸದ್ದು ಕೇಳು, ಸ್ಕ್ರೂ ತಿರುಗಿಸು. ಇಂಗ್ಲೆಂಡಿನ ಹಳೇ ಮೆಕ್ಯಾನಿಕ್‌ಗಳೂ ಪೈಪು ಹಿಡಿದೇ ಹೊಂದಿಸುತ್ತಿದ್ದರು. ಕಾಕಾಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಗಾಡಿಯ ಕಷ್ಟ ಒಂದೇ ಆದರೆ ಉಪಾಯವೂ ಒಂದೇ ಆಗುತ್ತದೆ ಅಂತ ಕಾಣುತ್ತದೆ.

(ಇಲ್ಲಿ ಒಬ್ಬರು ಕೇಳಿದರು: "ಎಂಜಿನ್ ಸರಿ, ಗಾಡಿಯ ಬಾಡಿ ಉಳಿಸಲು ಏನು ಮಾಡುತ್ತೀರಿ? ನಮ್ಮ ಮಳೆಗೆ ಉಳಿಯುತ್ತದಾ?")

ಒಳ್ಳೇ ಪ್ರಶ್ನೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಭಾಗಮಂಡಲದ ಕಡೆ ಕೇಳುವುದೇ ಬೇಡ. ಎಂಜಿಎಯ ಚಾಸಿ, ಅಂದರೆ ಅಡಿಯ ಚೌಕಟ್ಟು, ಗಟ್ಟಿ. ಕೊಳೆಯುವುದು ಸಿಲ್, ಅಂದರೆ ಬಾಗಿಲಿನ ಕೆಳಗಿನ ಪಟ್ಟಿ, ಮತ್ತು ಬಾಗಿಲಿನ ಕಂಬದ ಬುಡ. ನೀರು ಮೇಲಿನಿಂದ ಇಳಿದು ಅಲ್ಲಿ ನಿಲ್ಲುತ್ತದೆ. ಹೊರಗಿನಿಂದ ಬಣ್ಣ ಫಳಫಳ ಅನ್ನುತ್ತಿರುತ್ತದೆ, ಒಳಗೆ ತುಕ್ಕು ತಿಂದಿರುತ್ತದೆ. ಬಾನೆಟ್, ಡಿಕ್ಕಿ, ಬಾಗಿಲುಗಳ ಹೊರಹಾಳೆ ಅಲ್ಯೂಮಿನಿಯಂ, ಒಳಚೌಕಟ್ಟು ಕಬ್ಬಿಣ. ಈ ಎರಡು ಲೋಹ ಒದ್ದೆಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಂಚು ಪುಡಿಪುಡಿಯಾಗುತ್ತದೆ. ಪ್ಲೈವುಡ್ ನೆಲ ಮಾತ್ರ ನಮಗೆ ಚಿಂತೆಯೇ ಅಲ್ಲ. ಮರದ ಕೆಲಸದವರಿಗೆ ಕೊಡಗಿನಲ್ಲಿ ಬರವಾ? ನಮ್ಮೂರಿನ ಆಚಾರಿ ಹಳೇ ಹಲಗೆ ಇಟ್ಟು ಗೆರೆ ಎಳೆದು ಒಂದು ಮಧ್ಯಾಹ್ನದಲ್ಲಿ ಕತ್ತರಿಸಿಕೊಟ್ಟರು. ದೋಣಿಗೆ ಬಳಸುವ ಮೆರೈನ್ ಪ್ಲೈ ಹಾಕಿದ್ದೇವೆ.

ಮಳೆಗಾಲದಲ್ಲಿ ನಾನು ಮಾಡುವುದು ಇಷ್ಟು. ಜೂನ್ ಬರುವ ಮೊದಲು ಸಿಲ್ ಒಳಗೆ ಮೇಣದಂಥ ಎಣ್ಣೆ ಹೊಡೆಸುತ್ತೇನೆ. ಪ್ಲಾಸ್ಟಿಕ್ ಹೊದಿಸುವುದಿಲ್ಲ, ಹೊದಿಸಿದರೆ ಒಳಗೇ ಬೆವರುತ್ತದೆ. ಚರ್ಮದ ಸೀಟನ್ನು ಬಿಚ್ಚಿ ಮನೆಯೊಳಗೆ, ಒಲೆಯ ಬಿಸಿ ತಾಗುವ ಕೋಣೆಯಲ್ಲಿ ಇಡುತ್ತೇನೆ. ಇದಕ್ಕೆ ಮನೆಯಲ್ಲಿ ಬೈಗುಳ ಇದೆ, ಇರಲಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಬಿಡುತ್ತೇನೆ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸೈಲೆನ್ಸರಿನಲ್ಲಿ ನೀರು ನಿಂತು ಅದೇ ಕೊಳೆಯುತ್ತದೆ. ಹೊಳವು ಕೊಟ್ಟ ದಿನ ಒಂದು ಸುತ್ತು ಹೋಗಿ ಬರುತ್ತೇನೆ.

ಈಗ ಹೊಸ ತಲೆನೋವು ಪೆಟ್ರೋಲಿನದ್ದು. 2000ದ ಫೆಬ್ರವರಿಯಿಂದ ದೇಶಪೂರ್ತಿ ಸೀಸ ಇಲ್ಲದ ಪೆಟ್ರೋಲ್ ಬಂತು. ಹಳೇ ಎಂಜಿನ್ನಿನ ವಾಲ್ವ್ ಸೀಟಿಗೆ, ಅಂದರೆ ವಾಲ್ವ್ ಬಂದು ಕೂರುವ ಅಂಚಿಗೆ, ಆ ಸೀಸವೇ ರಕ್ಷಣೆಯಾಗಿತ್ತು. ಅದಕ್ಕೆ ಉಪಾಯ ಇದೆ, ಹೆಡ್ ಬಿಚ್ಚಿ ಗಟ್ಟಿ ಉಕ್ಕಿನ ಸೀಟ್ ಕೂರಿಸಿದರೆ ಮುಗಿಯಿತು. ಈಗ ಬಂಕಿನಲ್ಲಿ ಸಿಗುತ್ತಿರುವುದು 20% ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಊರಿನಲ್ಲಿ ತೇವಕ್ಕೆ ಏನು ಕೊರತೆ! ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಹಾಗೇ ಬಿಟ್ಟರೆ ಅಡಿಯಲ್ಲಿ ನೀರು ಕೂರುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ವಾಷರುಗಳು, ಎಲ್ಲವನ್ನೂ ಎಥನಾಲ್ ತಡೆಯುವ ರಬ್ಬರಿಗೆ ಬದಲಾಯಿಸಿಕೊಳ್ಳಿ. ಇದನ್ನು ಮುಂದೂಡಬೇಡಿ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಪೆಟ್ರೋಲ್ ಸೋರುವುದು ತಮಾಷೆಯ ವಿಷಯ ಅಲ್ಲ.

ಇನ್ನು ಹೊರದೇಶದ ಬಳಗ. ಎಂಜಿ ಕಾರ್ ಕ್ಲಬ್ ಶುರುವಾದದ್ದು 1930ರಲ್ಲಿ. ಕಾರ್ಖಾನೆ ಸತ್ತು ನಾಲ್ಕು ದಶಕ ದಾಟಿತು, ಕ್ಲಬ್ ಮಾತ್ರ ನಡೆಯುತ್ತಿದೆ. ಒಂದೊಂದು ಮಾಡೆಲಿಗೆ ಒಂದೊಂದು ರಿಜಿಸ್ಟರ್ ಇಟ್ಟಿದ್ದಾರೆ. ಕಾರ್ಖಾನೆಯ ದಾಖಲೆ ಪುಸ್ತಕಗಳನ್ನು ಬ್ರಿಟನ್ನಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾಪಾಡಿಕೊಂಡಿದೆ. ಚಾಸಿ ನಂಬರ್ ಬರೆದು, ಫೀಸು ಕಟ್ಟಿದರೆ ನಿಮ್ಮ ಗಾಡಿ ಯಾವ ದಿನ ತಯಾರಾಯಿತು, ಯಾವ ಬಣ್ಣ ಇತ್ತು, ಯಾವ ದೇಶಕ್ಕೆ ಹೋಯಿತು ಅಂತ ಸರ್ಟಿಫಿಕೇಟ್ ಕಳಿಸುತ್ತಾರೆ. ನನ್ನ ಗಾಡಿ ಹುಟ್ಟಿದ್ದು ಬಿಳಿ ಬಣ್ಣದಲ್ಲಿ ಅಂತ ಅದರಿಂದಲೇ ಗೊತ್ತಾಯಿತು. ವಾಪಸ್ ಬಿಳಿ ಮಾಡಬೇಕಾ ಅಂತ ಗುಂಪಿನಲ್ಲಿ ಕೇಳಿದೆ. ಜಗಳ ಇನ್ನೂ ಮುಗಿದಿಲ್ಲ.

ಇದೇ ಬಳಗದ ಇನ್ನೊಂದು ಸಾಹಸ ಹೇಳುತ್ತೇನೆ. ಎಂಜಿಎ ನಂತರ ಬಂದದ್ದು ಎಂಜಿಬಿ. 1962ರಿಂದ 1980ರ ತನಕ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಎಷ್ಟೋ ಎಂಜಿಬಿಗಳ ಎಂಜಿನ್ ಚೆನ್ನಾಗಿತ್ತು, ಬಾಡಿ ತುಕ್ಕು ಹಿಡಿದು ಹೋಗಿತ್ತು. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಹಳೇ ಅಚ್ಚುಗಳನ್ನು ಹುಡುಕಿ ತಂದು ಎಂಜಿಬಿಯ ಬಾಡಿಯನ್ನೇ ಹೊಸದಾಗಿ ಮಾಡಿ ಮಾರಲು ಶುರು ಮಾಡಿದರು. ತಯಾರಿಕೆ ನಿಂತ ಎಂಟು ವರ್ಷದ ಮೇಲೆ ಆ ಕಾರಿನ ಹೊಸ ಬಾಡಿ! ಮರುವರ್ಷ ಜಪಾನಿನ ಮಾಜ್ದಾ ಕಂಪನಿ ಎಂಎಕ್ಸ್-5 ಅನ್ನುವ ಚಿಕ್ಕ ಎರಡು ಸೀಟಿನ ಗಾಡಿ ತಂದಿತು. ಈ ಹಳೇ ಇಂಗ್ಲಿಷ್ ಗಾಡಿಗಳ ರುಚಿಯನ್ನೇ ಹಿಡಿದು, ಸೋರದ ಹಾಗೆ, ಕೆಡದ ಹಾಗೆ ಮಾಡಿದರು. ಅದು ಹತ್ತು ಲಕ್ಷ ದಾಟಿ ಹೋಯಿತು. ಸೋರದ ಗಾಡಿಗೂ ಬಳಗ ಬೆಳೆಯುತ್ತದೆ ಅಂತ ಒಪ್ಪಿಕೊಳ್ಳಲೇಬೇಕು, ನಮ್ಮವರಿಗೆ ಸ್ವಲ್ಪ ಹೊಟ್ಟೆಕಿಚ್ಚು.

ಬಳಗ ಅಂದ ಮೇಲೆ ಜಗಳವೂ ಇದೆ. ದೊಡ್ಡ ಜಗಳ ಒರಿಜಿನಲ್ ಬಗ್ಗೆ. ಕೆಲವರಿಗೆ ನಟ್ಟಿನ ತಲೆಯ ಗುರುತು ಕೂಡ ಆ ಕಾಲದ್ದೇ ಆಗಬೇಕು. ಪ್ರದರ್ಶನಕ್ಕೆ ಲಾರಿಯಲ್ಲಿ ತರುತ್ತಾರೆ, ಲಾರಿಯಲ್ಲೇ ಒಯ್ಯುತ್ತಾರೆ. ಬಹುಮಾನವೂ ಅವರಿಗೇ. ಅವರ ಶ್ರಮಕ್ಕೆ ನನ್ನ ನಮಸ್ಕಾರ ಇದೆ, ಆದರೆ ಆ ದಾರಿ ನನ್ನದಲ್ಲ. ನನ್ನ ಗಾಡಿಗೆ ಸೀಟ್ ಬೆಲ್ಟ್ ಹಾಕಿಸಿದ್ದೇನೆ. ಹಿಂದಿನ ದೀಪದ ಬಲ್ಬು ಜೋರಿನದು. ಕಕ್ಕಬ್ಬೆ ಕಡೆ ಮಂಜಿನಲ್ಲಿ ಹಿಂದಿನ ಜೀಪಿಗೆ ನಾನು ಕಾಣಬೇಕಲ್ಲ. ಲೂಕಸ್ ಕಂಪನಿಯ ವೈರಿಂಗನ್ನು ಇಂಗ್ಲೆಂಡಿನವರೇ ಕತ್ತಲೆಯ ರಾಜಕುಮಾರ ಅಂತ ಆಡಿಕೊಳ್ಳುತ್ತಾರೆ. ಅಂಥದ್ದನ್ನು ನಮ್ಮ ಕತ್ತಲೆಯಲ್ಲಿ ನಂಬಿ ಕೂರಲು ನನ್ನಿಂದಾಗದು. ಬಿಚ್ಚಿ ವಾಪಸ್ ಹಾಕಲು ಆಗುವಂಥ ಬದಲಾವಣೆ ಏನು ಬೇಕಾದರೂ ಮಾಡಿ. ಕೊರೆಯುವುದು, ಕತ್ತರಿಸುವುದು ಬೇಡ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಹೆಚ್ಚು ಬದಲಾಗಿರಬಾರದು. ಹೊಸ ನೋಂದಣಿಗೆ ₹20,000, ಹತ್ತು ವರ್ಷಕ್ಕೆ ಚಾಲ್ತಿ, ಆಮೇಲೆ ನವೀಕರಣಕ್ಕೆ ₹5,000. ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಆದರೆ ಆ ನಂಬರ್ ಹಾಕಿಕೊಂಡರೆ ದಿನನಿತ್ಯ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು, ಇಂಥದ್ದಕ್ಕೆ ಮಾತ್ರ. ಪೇಟೆಗೆ ತರಕಾರಿ ತರಲು ಒಯ್ಯುವವರು ಅರ್ಜಿ ಹಾಕುವ ಮೊದಲು ಯೋಚನೆ ಮಾಡಿ.

ನಮ್ಮ ಗುಂಪಿನಲ್ಲಿ ಇಂಗ್ಲಿಷ್ ಗಾಡಿಯವರು ಮಾತ್ರ ಇಲ್ಲ, ಇರಬೇಕಾಗಿಯೂ ಇಲ್ಲ. ಫಿಯಟ್ ಪಾಲಿಯೋ 1.6 ಜಿಟಿಎಕ್ಸ್ ಕಾರು ಇಟ್ಟುಕೊಂಡ ಹುಡುಗ ಇದ್ದಾನೆ. ಅವನ ಸಂಕಟ ನನ್ನ ಸಂಕಟವೇ, ಬಿಡಿಭಾಗ ಸಿಗುವುದಿಲ್ಲ. ನನ್ನ ಅರವತ್ತು ವರ್ಷದ ಗಾಡಿಗಿಂತ ಅವನ ಇಪ್ಪತ್ತು ವರ್ಷದ ಗಾಡಿಗೆ ಸಾಮಾನು ಹುಡುಕುವುದು ಕಷ್ಟ, ಇದು ವಿಚಿತ್ರ ಆದರೂ ನಿಜ. ಮಾರುತಿ ಜಿಪ್ಸಿಯವರಂತೂ ಬೇಕಾದಷ್ಟಿದ್ದಾರೆ. ಯಮಹಾ ಆರ್‌ಎಕ್ಸ್ 100 ಬೈಕಿನ ಹುಡುಗರು ಸದ್ದಿನಿಂದಲೇ ಗೊತ್ತಾಗುತ್ತಾರೆ. ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಕಾರು ಯಾರ ಶೆಡ್ಡಿನಲ್ಲಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ, 848 ಸಿಸಿ ಎಂಜಿನ್, ಫೈಬರ್ ಬಾಡಿ. ರಸ್ತೆಯಲ್ಲಿ ಜನ ನಕ್ಕರು, ರ‍್ಯಾಲಿಗಳಲ್ಲಿ ಅದರ ಹಗುರವೇ ಅದಕ್ಕೆ ಬಲವಾಯಿತು. ನಮ್ಮ ರಾಜ್ಯದ ಗಾಡಿ ಅದು. ಎಂಜಿಎಯನ್ನು ಕಾಪಾಡಲು ಇಂಗ್ಲೆಂಡಿನವರಿದ್ದಾರೆ. ಡಾಲ್ಫಿನ್‌ಗೆ ನಾವೇ ಗತಿ.

ಜೀಪಿನವರ ಬಗ್ಗೆ ಒಂದು ಮಾತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ, ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿದಾಗ, ನನ್ನ ಗಾಡಿ ಶೆಡ್ಡಿನಲ್ಲಿ ಚಂದವಾಗಿ ಕೂತಿತ್ತು. ಅಕ್ಕಿ, ಕಂಬಳಿ, ಔಷಧಿ ಹೊತ್ತುಕೊಂಡು ಹೋದದ್ದು ಜೀಪು. ಭಾನುವಾರ ಕೆಸರಿನಲ್ಲಿ ಆಡುತ್ತಾರೆ ಅಂತ ನಾವೆಲ್ಲ ತಮಾಷೆ ಮಾಡುತ್ತಿದ್ದ ಹುಡುಗರೇ ಅವರು. ಯಾರಿಗೆ ಫೋನ್ ಮಾಡಬೇಕು, ಯಾರ ಹತ್ತಿರ ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಇದೆ, ಯಾರಿಗೆ ಯಾವ ತೋಟದ ದಾರಿ ಗೊತ್ತು, ಎಲ್ಲವೂ ಅವರಿಗೆ ಮೊದಲೇ ಗೊತ್ತಿತ್ತು. ಕೆಸರಾಟದಲ್ಲಿ ಆದ ಪರಿಚಯ ಅದು. ಆಮೇಲೆ ನಾನು ಆ ತಮಾಷೆ ನಿಲ್ಲಿಸಿದೆ.

(ಕೊನೆಯಲ್ಲಿ ಒಬ್ಬ ಯುವಕ ಎದ್ದು ಕೇಳಿದ: "ಅಂಕಲ್, ನಾನೂ ಒಂದು ಹಳೇ ಸ್ಪೋರ್ಟ್ಸ್ ಕಾರು ತಗೊಳ್ಳಬೇಕು ಅಂತಿದ್ದೇನೆ. ಏನು ನೋಡಬೇಕು?")

ಬಣ್ಣ ನೋಡಬೇಡ, ಮೊದಲು ಕೆಳಗೆ ಮಲಗು. ಒಂದು ಟಾರ್ಚು, ಒಂದು ಮ್ಯಾಗ್ನೆಟ್ಟು ತಗೊಂಡು ಹೋಗು. ಸಿಲ್ ಉದ್ದಕ್ಕೂ ಮ್ಯಾಗ್ನೆಟ್ ಹಿಡಿ. ಅಂಟದ ಜಾಗದಲ್ಲಿ ಕಬ್ಬಿಣ ಇಲ್ಲ, ಪುಟ್ಟಿ ಇದೆ ಅಂತ ಲೆಕ್ಕ. ಅಲ್ಯೂಮಿನಿಯಂ ಬಾಗಿಲಿಗೆ ಹಿಡಿದು ಅಂಟಲಿಲ್ಲ ಅಂತ ಗಾಬರಿಯಾಗಬೇಡ. ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ, ತಣ್ಣಗಾದ ಮೇಲೆ ಬರುತ್ತೇನೆ ಅಂತ ಹೇಳಿ ಚಹಾ ಕುಡಿದು ವಾಪಸ್ ಹೋಗು. ತಣ್ಣಗಿರುವಾಗ ಸ್ಟಾರ್ಟ್ ಆಗುವ ರೀತಿ ನೋಡಿದರೆ ಅರ್ಧ ಕಥೆ ತಿಳಿಯುತ್ತದೆ. ಆರ್‌ಸಿ, ಚಾಸಿ ನಂಬರ್, ಎಂಜಿನ್ ನಂಬರ್ ಮೂರೂ ತಾಳೆಯಾಗದಿದ್ದರೆ ಬೆಲೆ ಎಷ್ಟು ಕಡಿಮೆ ಹೇಳಿದರೂ ಬೇಡ. ಗಾಡಿಗೆ ಕೊಟ್ಟಷ್ಟೇ ದುಡ್ಡು ರಿಪೇರಿಗೂ ಬೇಕಾಗುತ್ತದೆ ಅಂತ ಮೊದಲೇ ಎತ್ತಿಡು. ಲಾಭಕ್ಕೆ ಮಾರುತ್ತೇನೆ ಅನ್ನುವ ಆಸೆ ಇದ್ದರೆ ಅದೇ ದುಡ್ಡಿಗೆ ಕಾಳುಮೆಣಸಿನ ಬಳ್ಳಿ ಹಾಕು.

ಮತ್ತೆ, ಒಬ್ಬನೇ ಹೋಗಬೇಡ. ಗಾಡಿ ನೋಡಿದ ತಕ್ಷಣ ನಿನಗೆ ತಲೆ ತಿರುಗುತ್ತದೆ, ನನಗೂ ತಿರುಗಿತ್ತು. ಇಲ್ಲಿ ಕೂತವರಲ್ಲಿ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗು. ಕಾಕಾ ಶುಕ್ರವಾರ ಬಿಟ್ಟು ಯಾವ ದಿನ ಕರೆದರೂ ಬರುತ್ತಾರೆ. ಪೆಟ್ರೋಲೂ ಮಧ್ಯಾಹ್ನದ ಊಟವೂ ನಿನ್ನ ಲೆಕ್ಕ.